ನೋಡುವವರುಂಟು, ಕೊಳ್ಳುವವರಿಲ್ಲ: ಬಾಗಲಕೋಟೆ ಸೀಮೆಯಲ್ಲಿ ಮನೆಯ ಮಾರಾಟ

ಸ್ಥಿರಾಸ್ತಿಯ ಇತಿಹಾಸವನ್ನು ಬರೆಯುವವರು ನಡೆದುಹೋದ ವ್ಯವಹಾರಗಳನ್ನೇ ಆಧಾರವಾಗಿ ಹಿಡಿಯುವುದು ರೂಢಿ. ದಾನಶಾಸನ, ಖರೀದಿಪತ್ರ, ವಾಟ್ನಿಪತ್ರ, ಉತಾರ, ನ್ಯಾಯಾಲಯದ ತೀರ್ಪು ಇವೆಲ್ಲವೂ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಸಂದ ಮೇಲೆ, ಇಲ್ಲವೆ ಸಲ್ಲುವಾಗ ವಿವಾದವೆದ್ದ ಮೇಲೆ ಹುಟ್ಟಿದ ಬರಹಗಳು. ಮಾರುವ ಉದ್ದೇಶದಿಂದ ಬಾಗಿಲು ತೆರೆದಿಟ್ಟು, ಹತ್ತಾರು ಮಂದಿ ಬಂದು ನೋಡಿಹೋದರೂ ಬೆಲೆಯ ಮಾತೇ ಏಳದೆ ಉಳಿದ ಮನೆಯ ವಿಷಯವಾಗಿ ನೋಂದಣಿ ಕಚೇರಿಯಲ್ಲಿ ಒಂದು ಸಾಲೂ ದೊರೆಯದು. ಆದರೂ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ವಾಸವಾಗಿರುವ ಯಾರಿಗೂ ಇಂತಹ ಮನೆಯ ಪರಿಚಯವಿಲ್ಲವೆನ್ನಲಾಗದು. ಈ ಲೇಖನದಲ್ಲಿ ಅದರ ಕಾರಣಗಳನ್ನು ವಿವೇಚಿಸಲು ಯತ್ನಿಸಲಾಗಿದೆ. ನಮ್ಮ ಸೀಮೆಯಲ್ಲಿ ನೋಡಿದವನು ಮೌನವಾಗಿ ಹಿಂದಿರುಗುವುದಕ್ಕೆ ಕಾರಣವು ಬಹುಮಟ್ಟಿಗೆ ಆ ಮನೆಯ ಗೋಡೆಯಲ್ಲಿಲ್ಲ, ಬೆಲೆಯಲ್ಲಿಯೂ ಇಲ್ಲ. ಮನೆಯೊಡನೆ ಅದರ ಮೇಲಿನ ಪೂರ್ಣ ಹಕ್ಕು ತನಗೆ ಬರುವುದೋ ಇಲ್ಲವೋ ಎಂಬ ಸಂದೇಹದಲ್ಲಿದೆ ಎಂಬುದು ನಮ್ಮ ಪ್ರತಿಪಾದನೆ.

ಜನರು ಹೇಳುವ ಕಾರಣಗಳು ಬೇರೆ. ಬಾಗಿಲು ದಕ್ಷಿಣಕ್ಕಿದೆ, ಬೀದಿಯು ಎದುರಿಗೆ ಬಂದು ಮುಟ್ಟುತ್ತದೆ, ಶೂನ್ಯಮಾಸದಲ್ಲಿ ಮಾತು ತೆಗೆದದ್ದರಿಂದ ಕೆಲಸ ಕೆಟ್ಟಿತು ಎಂದು ಮನೆಯವರು ಹೇಳುತ್ತಾರೆ. ಬೆಲೆ ಇಳಿಸಿರಿ ಎಂದು ದಲಾಲರು ಹೇಳುತ್ತಾರೆ. ದಲಾಲರ ಸಲಹೆ ಕೆಲವೊಮ್ಮೆ ಸರಿಯಾದುದೇ. ಆದರೆ ಬೆಲೆ ಹೆಚ್ಚೆನಿಸಿದವನು ಸುಮ್ಮನೆ ಹೋಗುವುದಿಲ್ಲ, ಚೌಕಾಸಿ ಮಾಡುತ್ತಾನೆ. ಮಾಳಿಗೆ ಸೋರುತ್ತದೆಂದು ಕಂಡವನು ಅದನ್ನೇ ನೆಪವಾಗಿಸಿ ಕಡಿಮೆಗೆ ಕೇಳುತ್ತಾನೆ. ಪಡಸಾಲೆಯ ಕಂಬಗಳನ್ನು ಹೊಗಳಿ, ಹಿತ್ತಲಿನ ಬಾವಿಯಲ್ಲಿ ಇಣುಕಿ, ಚಹಾ ಕುಡಿದು, 'ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ' ಎಂದು ಎದ್ದುಹೋಗಿ ಮರಳಿ ಬಾರದವನನ್ನು ತಡೆದುದು ಬೇರೊಂದು ವಿಷಯವಾಗಿರಬೇಕು. ಬೆಲೆಯನ್ನು ತಟ್ಟನೆ ಇಳಿಸಿದರೆ ಅವನ ಸಂದೇಹವು ಇನ್ನಷ್ಟು ಬಲಿಯುವುದೇ ಹೊರತು ತಗ್ಗದು. ಇದರ ಮೇಲೆ ಇನ್ನೊಂದು ತೊಡಕುಂಟು. 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದ ಮೇರೆಗೆ ಸರಕಾರವು ಗೊತ್ತುಪಡಿಸಿದ ಮಾರ್ಗಸೂಚಿ ಬೆಲೆಗಿಂತ ಕಡಿಮೆಗೆ ಮಾರಿದರೂ ಕೊಳ್ಳುವವನು ಮುದ್ರಾಂಕ ಶುಲ್ಕವನ್ನು ಆ ಹೆಚ್ಚಿನ ಬೆಲೆಯ ಮೇಲೆಯೇ ತೆರಬೇಕಾಗುತ್ತದೆ. ಇಳಿಸಿದ ಬೆಲೆಯ ಪೂರ್ಣ ಲಾಭವು ಅವನಿಗೆ ದೊರೆಯುವುದಿಲ್ಲ.

ಸ್ಥಿರಾಸ್ತಿಯ ಮಾರಾಟದಲ್ಲಿ ಕೊಡುವವನೂ ಕೊಳ್ಳುವವನೂ ಒಪ್ಪಿದರೆ ಸಾಲದು, ಸುತ್ತಲಿನವರ ಸಮ್ಮತಿಯೂ ಬೇಕೆಂಬ ಭಾವನೆ ನಮ್ಮಲ್ಲಿ ಬಹು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಈ ವಿಚಾರವು ಚರ್ಚಿತವಾಗಿದೆ. ಭೂಮಿಯು ಕೈ ಬದಲಾಯಿಸಲು ಗ್ರಾಮ, ಜ್ಞಾತಿಗಳು, ಸಾಮಂತರು, ದಾಯಾದಿಗಳು ಈ ನಾಲ್ವರ ಅನುಮತಿ, ಜೊತೆಗೆ ಹಿರಣ್ಯ ಮತ್ತು ಉದಕಗಳ ದಾನ ಹೀಗೆ ಆರು ಅಂಗಗಳುಂಟೆಂಬ ಸ್ಮೃತಿವಚನವನ್ನು ಆತನು ಎತ್ತಿಕೊಳ್ಳುತ್ತಾನೆ. ಇಲ್ಲಿ ಸಾಮಂತರೆಂದರೆ ಮಾಂಡಲಿಕರಲ್ಲ, ಎಲ್ಲೆಗೆ ಹೊಂದಿದ ನೆರೆಯವರು. ಶಾಸನಗಳನ್ನು ಓದಿ ಬಂದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಗ್ರಾಮದ ಅನುಮತಿಯು ವ್ಯವಹಾರವು ಬಹಿರಂಗವಾಗಲೆಂದು, ನೆರೆಯವರದು ಎಲ್ಲೆಯ ವಿವಾದ ಏಳದಿರಲೆಂದು, ಜ್ಞಾತಿಗಳದು ಆಸ್ತಿಯು ವಿಭಕ್ತವೋ ಅವಿಭಕ್ತವೋ ಎಂಬ ಸಂಶಯ ನಿವಾರಣೆಯಾಗಲೆಂದು ಎಂಬುದಾಗಿ ವಿಜ್ಞಾನೇಶ್ವರನು ವಿವರಿಸುತ್ತಾನೆ. ಗ್ರಾಮವು ಒಪ್ಪದಿದ್ದರೆ ಮಾರಾಟವೇ ಅಸಿಂಧುವೆಂಬುದು ಆತನ ಅಭಿಪ್ರಾಯವಲ್ಲ. ಸ್ಥಾವರವನ್ನು ವಿಕ್ರಯಿಸಬಾರದೆಂಬ ನಿಷೇಧವೂ ಇದ್ದುದರಿಂದ, ಹಿರಣ್ಯೋದಕಗಳನ್ನು ಕೊಟ್ಟು ವಿಕ್ರಯಕ್ಕೆ ದಾನದ ರೂಪವನ್ನು ತರಬೇಕಾಗುತ್ತಿತ್ತು.

ಕಾಯಿದೆಯು ಇಂದು ಬೇರೆಯಾಗಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನಂತೆ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯು ನೋಂದಾಯಿತ ಪತ್ರದಿಂದ ಮಾತ್ರ ಮಾರಾಟವಾಗುತ್ತದೆ. ಗ್ರಾಮದ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಆದರೆ ವಿಜ್ಞಾನೇಶ್ವರನು ಗುರುತಿಸಿದ ಸಂಶಯಗಳು ಹಾಗೆಯೇ ಉಳಿದಿವೆ. ಪತ್ರದಲ್ಲಿ ಬರೆಯುವ ಚಕ್ಕುಬಂದಿಯು ಅಂದಿನ ಸಾಮಂತರ ಸಮ್ಮತಿಯ ಸ್ಥಾನದಲ್ಲಿದೆ ಎನ್ನಬಹುದು. ಅಂದಿನ ಗ್ರಾಮದ ಸ್ಥಾನಕ್ಕೆ ಸರಕಾರವು ಬಂದಿದೆ. ಈ ಮಾತಿಗೆ ಬಾದಾಮಿ ಬಾಗಲಕೋಟೆಗಳೇ ನಿದರ್ಶನ. ಅದಕ್ಕೆ ಮೊದಲು ದಾಯಾದಿಗಳ ವಿಷಯವನ್ನು ಮುಗಿಸಬೇಕು.

ಹುನಗುಂದ ತಾಲ್ಲೂಕಿನಂತಹ ಕರಿಮಣ್ಣಿನ ಬೇಸಾಯದ ನಾಡಿನಲ್ಲಿ ಹೊಲವು ವಾಟ್ನಿಯಾದರೂ ಮನೆಯು ಒಂದಾಗಿಯೇ ಉಳಿಯುವುದುಂಟು. ದಪ್ಪ ಮಣ್ಣುಗೋಡೆ, ಮಣ್ಣು ಹೊದಿಸಿದ ಮಾಳಿಗೆ, ಮುಂಬದಿಗೆ ದನಗಳ ಸ್ಥಳ, ಒಳಗೆ ಪಡಸಾಲೆ, ಜೋಳ ತುಂಬಲು ನೆಲದೊಳಗಿನ ಹಗೇವು ಇವುಗಳನ್ನು ಮೂರು ಪಾಲು ಮಾಡುವುದು ಹೊಲವನ್ನು ಪಾಲು ಮಾಡಿದಷ್ಟು ಸುಲಭವಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬನು ಊರಲ್ಲಿದ್ದು ಇತರರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಮೇಲೆ ಪಾಲಿನ ಮಾತನ್ನು ಮನೆ ಮಾರುವ ದಿನದವರೆಗೆ ಯಾರೂ ಎತ್ತುವುದಿಲ್ಲ. ನೋಡಲು ಬಂದವನಿಗೆ ಬಾಗಿಲು ತೆರೆಯುವವನು ಒಬ್ಬ. ಸಹಿ ಮಾಡಬೇಕಾದವರು ಒಂಬತ್ತು ಮಂದಿ.

ಒಬ್ಬ ಪಾಲುದಾರನಿಂದ ಅವನ ಪಾಲನ್ನಷ್ಟೇ ಕೊಳ್ಳಬಾರದೇಕೆ ಎಂದು ಕೇಳಬಹುದು. ಕೊಳ್ಳಬಹುದು, ಆದರೆ ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲನ್ನು ಕೊಂಡ ಹೊರಗಿನವನಿಗೆ ಆ ಕುಟುಂಬದೊಡನೆ ಜಂಟಿ ಸ್ವಾಧೀನದ ಹಕ್ಕಿಲ್ಲವೆಂದು ಮೇಲೆ ಹೇಳಿದ ಅಧಿನಿಯಮದ 44ನೆಯ ಕಲಮು ವಿಧಿಸುತ್ತದೆ. ಅವನು ವಿಭಾಗಕ್ಕಾಗಿ ದಾವೆ ಹೂಡಿದರೆ, ಕುಟುಂಬದವರು ನ್ಯಾಯಾಲಯವು ಗೊತ್ತುಪಡಿಸಿದ ಬೆಲೆಗೆ ಆ ಪಾಲನ್ನು ತಾವೇ ಕೊಂಡು ಅವನನ್ನು ಹೊರಗಿಡಲು 1893ರ ವಿಭಾಗ ಅಧಿನಿಯಮದ 4ನೆಯ ಕಲಮಿನಲ್ಲಿ ಅವಕಾಶವಿದೆ. ಮನೆತನದೊಳಗೆ ಅಪರಿಚಿತನು ನುಗ್ಗಬಾರದೆಂಬ ಹಳೆಯ ಭಾವನೆಯನ್ನು ಬ್ರಿಟಿಷರ ಕಾಲದ ಶಾಸನವು ಹೀಗೆ ಉಳಿಸಿಕೊಂಡಿತು. ಜಾಣನಾದ ಖರೀದಿದಾರನು ಇಂತಹ ಮನೆಯನ್ನು ನೋಡುತ್ತಾನೆ, ಕೇಳುವುದಿಲ್ಲ.

ಹೆಣ್ಣುಮಕ್ಕಳ ಸಹಿಯ ವಿಷಯವು ಇದಕ್ಕೆ ಸೇರಿದುದು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಹಿಂದೂ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಿಗೆ ಸಮನಾದ ಜನ್ಮಸಿದ್ಧ ಹಕ್ಕು ಬಂದಿತು. 2005ರಲ್ಲಿ ತಂದೆ ಜೀವಂತನಾಗಿರಬೇಕಾಗಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಈ ಕಾಯಿದೆಗಳಿಂದ ಮನೆಗಳ ಮಾರಾಟವೇ ನಿಂತುಹೋಯಿತೆಂದು ದೂರುವವರಿದ್ದಾರೆ. ಈ ದೂರು ಒಪ್ಪತಕ್ಕುದಲ್ಲ. ಮದುವೆಯಾಗಿ ಹೋದ ಮಗಳನ್ನು ಕೇಳದೆ ತವರುಮನೆಯನ್ನು ಮಾರಿದ ದಿನಗಳಲ್ಲಿ ಮಾರಾಟವು ಸುಲಭವಾಗಿದ್ದುದು ನಿಜ. ಆ ಸೌಲಭ್ಯದ ಬೆಲೆಯನ್ನು ತೆತ್ತವಳು ಯಾರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಾಲುದಾರರೆಲ್ಲರೂ ಮೊದಲೇ ಕೂಡಿ ಒಪ್ಪಿಗೆಯನ್ನು ಬರೆದಿಟ್ಟು, ಆಮೇಲೆ ಮನೆಯನ್ನು ತೋರಿಸಿದಲ್ಲಿ ಈ ತೊಡಕು ತಾನಾಗಿ ಪರಿಹಾರವಾಗುತ್ತದೆ.

ಇಳಕಲ್ಲಿನ ನೇಕಾರರ ಮನೆಗಳ ಪ್ರಶ್ನೆ ಸ್ವಲ್ಪ ಬೇರೆ. ಅಲ್ಲಿ ಮನೆಯೇ ಕಾರ್ಖಾನೆ. ಕುಣಿಮಗ್ಗಕ್ಕಾಗಿ ನೆಲದಲ್ಲಿ ಕುಣಿ ತೋಡಿ, ನೇಯುವವನು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಮಣೆಯನ್ನು ತುಳಿಯುತ್ತಾನೆ. ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವ ಇಳಕಲ್ಲಿನ ವಿಶಿಷ್ಟ ಕ್ರಮವು ನಡೆಯುವುದೂ ಇಂತಹ ಮನೆಗಳಲ್ಲಿಯೇ. ಮನೆಯ ಉತ್ತಮ ಭಾಗವನ್ನು, ಬೆಳಕು ಬೀಳುವ ಜಾಗವನ್ನು, ಮಗ್ಗವು ಆಕ್ರಮಿಸಿರುತ್ತದೆ. ವಿದ್ಯುತ್ ಮಗ್ಗದ ಪೈಪೋಟಿಯಲ್ಲಿ ಕೈಮಗ್ಗವು ಹಿಂಜರಿದ ಮೇಲೆ ಈ ಮನೆಗಳನ್ನು ಕೊಳ್ಳುವವರು ಯಾರು? ಕೈಮಗ್ಗದವನು ಹೊಸದಾಗಿ ಮನೆ ಹುಡುಕುವುದು ಅಪರೂಪ. ವಿದ್ಯುತ್ ಮಗ್ಗದವನಿಗೆ ಗಟ್ಟಿಯಾದ ಸಮತಟ್ಟಿನ ನೆಲ ಬೇಕು. ನೇಕಾರನಲ್ಲದವನಿಗೆ ನಡುಮನೆಯಲ್ಲಿ ಒಂದು ತಗ್ಗು ಮಾತ್ರ ಕಾಣುತ್ತದೆ. ಇದು ಹಕ್ಕಿನ ತೊಡಕಲ್ಲ, ಕಸುಬಿನ ತೊಡಕು. ನಮ್ಮ ಪ್ರತಿಪಾದನೆಗೆ ಇದನ್ನು ಅಪವಾದವೆಂದೇ ಎಣಿಸಬೇಕು. ಕುಣಿಯನ್ನು ಮುಚ್ಚಿ ಫರಸಿ ಹಾಸಿದ ಮೇಲೆ ಕೊಳ್ಳುವವರು ದೊರೆಯಬಹುದು. ಬಾದಾಮಿಯಲ್ಲಿ ಇಷ್ಟು ಸುಲಭದ ಉಪಾಯವಿಲ್ಲ.

ಬಾದಾಮಿಯ ಅಗಸ್ತ್ಯತೀರ್ಥದ ಪಡುಗಡೆಯ ಓಣಿಗಳಲ್ಲಿ, ಹುನಗುಂದ ಸೀಮೆಯ ಐಹೊಳೆಯಲ್ಲಿ, ಗುಡಿಗಳೂ ಮನೆಗಳೂ ಒಂದನ್ನೊಂದು ಒತ್ತಿಕೊಂಡು ಬೆಳೆದಿವೆ. ಐಹೊಳೆಯ ಲಾಡಖಾನ ಗುಡಿಗೆ ಆ ಹೆಸರು ಬಂದುದೇ ಅದರಲ್ಲಿ ವಾಸವಾಗಿದ್ದವನಿಂದ. ಗುಡಿಯು ಮನೆಯಾಗುವುದು, ಗುಡಿಯ ಗೋಡೆಗೆ ಮನೆಯು ಒರಗುವುದು ಅಲ್ಲಿ ಶತಮಾನಗಳ ರೂಢಿಯಾಗಿತ್ತು. ಪ್ರಾಚೀನ ಸ್ಮಾರಕಗಳಿಗೆ ಸಂಬಂಧಿಸಿದ 1958ರ ಅಧಿನಿಯಮದ ಅನ್ವಯ ರಾಷ್ಟ್ರೀಯ ಮಹತ್ವದವೆಂದು ಸಾರಲಾದ ಸ್ಮಾರಕಗಳ ಸುತ್ತ ನೂರು ಮೀಟರನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಯ ಇನ್ನೂರು ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ 1992ರ ಜೂನ್ 16ರ ಅಧಿಸೂಚನೆಯು ಗೊತ್ತುಮಾಡಿತು. 2010ರ ತಿದ್ದುಪಡಿಯಿಂದ ಅದು ಅಧಿನಿಯಮದ ಅಂಗವೇ ಆಯಿತು. ನೂರು ಮೀಟರನ್ನು ಅಳೆಯುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಕ್ಷೇತ್ರದ ಎಲ್ಲೆಯಿಂದ. ಈ ವ್ಯತ್ಯಾಸವನ್ನು ತಿಳಿಯದೆ, ಗುಡಿಯು ದೂರವಿದೆ ಎಂದು ಸಮಾಧಾನ ತಂದುಕೊಂಡವರು ಮುಂದೆ ತೊಂದರೆಗೆ ಒಳಗಾಗುತ್ತಾರೆ.

ನಿಷೇಧಿತ ಪ್ರದೇಶದಲ್ಲಿ ಹಿಂದಿನಿಂದ ಇರುವ ಮನೆಯನ್ನು ಮಾರಕೂಡದೆಂದು ಕಾಯಿದೆಯು ಎಲ್ಲಿಯೂ ಹೇಳುವುದಿಲ್ಲ. ಅಪ್ಪಣೆ ಪಡೆದು ದುರಸ್ತಿ ಮಾಡಲೂಬಹುದು. ಕೆಡವಿ ಹೊಸದಾಗಿ ಕಟ್ಟುವಂತಿಲ್ಲ, ಮಹಡಿ ಏರಿಸುವಂತಿಲ್ಲ. ಮನೆಯನ್ನು ಮಾರುವವನು ಮನೆಗೆ ಬೆಲೆ ಹೇಳುತ್ತಾನೆ: ತೊಲೆಗಳು ಸಾಗವಾನಿಯವು, ಚೌಕಟ್ಟಿನಲ್ಲಿ ಕೆತ್ತನೆಯಿದೆ, ಗೋಡೆಯು ಎರಡು ಮೊಳ ದಪ್ಪ. ಕೊಳ್ಳುವವನು ಬೆಲೆ ಕಟ್ಟುವುದು ಜಾಗಕ್ಕೆ. ಹಳೆಯದನ್ನು ತೆಗೆದು ಸಿಮೆಂಟಿನ ಮೂರು ಅಂತಸ್ತು ಎಬ್ಬಿಸಿ, ಕೆಳಗೆ ಅಂಗಡಿ, ಮೇಲೆ ಪ್ರವಾಸಿಗರಿಗೆ ಕೋಣೆಗಳನ್ನು ಮಾಡಬೇಕೆಂಬುದು ಅವನ ಎಣಿಕೆ. ಗುಹಾಲಯಗಳ ಸಾಮೀಪ್ಯವು ಅವನನ್ನು ಕರೆತರುತ್ತದೆ. ಅದೇ ಸಾಮೀಪ್ಯವು ಅವನನ್ನು ಹಿಂದಕ್ಕೆ ಕಳಿಸುತ್ತದೆ. ಬಂದು ನೋಡುವವರು ಬಹಳ, ಕೇಳುವವರು ಇಲ್ಲ ಎಂಬ ವಿಚಿತ್ರ ಸ್ಥಿತಿಯು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ಇತಿಹಾಸದ ಅಧ್ಯಾಪಕನಾದ ನನಗೆ ಸ್ಮಾರಕಗಳ ರಕ್ಷಣೆ ಬೇಡವೆನ್ನುವ ಧೈರ್ಯವಿಲ್ಲ, ಮನಸ್ಸೂ ಇಲ್ಲ. ಆದರೆ ದೇಶಕ್ಕೆಲ್ಲ ಸೇರಿದ ಸಂಪತ್ತಿನ ರಕ್ಷಣೆಯ ಭಾರವು ನೂರು ಮೀಟರಿನೊಳಗೆ ಹುಟ್ಟಿದ ಕೆಲವೇ ಮನೆತನಗಳ ಮೇಲೆ, ಪರಿಹಾರದ ಮಾತಿಲ್ಲದೆ, ಬಿದ್ದಿದೆ ಎಂಬುದನ್ನು ನಮ್ಮ ಸ್ಮಾರಕಗಳ ಬಗ್ಗೆ ಬರೆಯುವವರು ಗಮನಿಸಿದುದು ಕಡಿಮೆ. ಐಹೊಳೆಯನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ಕೇಳಿಬರುತ್ತಿದೆ. ಸ್ಥಳಾಂತರದ ಮಾತು ಎದ್ದ ಊರಿನಲ್ಲಿ ದುರಸ್ತಿಗೂ ಯಾರೂ ಹಣ ಹಾಕುವುದಿಲ್ಲ.

ಬಾದಾಮಿಯಲ್ಲಿ ಸರಕಾರದ ಗೆರೆಯು ನೆಲದ ಮೇಲೆ ಅಡ್ಡಲಾಗಿ ಹಾಯ್ದಿದೆ. ಬಾಗಲಕೋಟೆಯಲ್ಲಿ ಅದು ಎತ್ತರದ ಗೆರೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರು ಘಟಪ್ರಭೆಯ ದಂಡೆಯ ಈ ಪಟ್ಟಣವನ್ನು ಮುಟ್ಟುವುದೆಂಬುದು ನೀರು ಬರುವುದಕ್ಕೆ ಬಹು ಮೊದಲೇ ತಿಳಿದಿತ್ತು. ಪುನರ್ವಸತಿಗಾಗಿ 1983ರಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮವಾಯಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಯೋಜಿಸಿದ ನವನಗರವು ಸೆಕ್ಟರುಗಳಾಗಿ ಮೇಲೆದ್ದಿತು. ಅಣೆಕಟ್ಟು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅಡಿಗಲ್ಲಿನಿಂದ ಸಮರ್ಪಣೆಗೆ ನಲವತ್ತೆರಡು ವರ್ಷ. ಕಿಲ್ಲಾ, ಹಳಪೇಟೆ, ಜೈನಪೇಟೆ, ಹೊಸಪೇಟೆ, ವೆಂಕಟಪೇಟೆಗಳ ಮನೆಗಳಿಗೆ ಈ ನಲವತ್ತೆರಡು ವರ್ಷಗಳಲ್ಲಿ ಏನಾಯಿತು ಎಂಬುದು ನಮ್ಮ ಪ್ರಶ್ನೆಗೆ ಹೃದಯಸ್ಥಾನದಲ್ಲಿರುವ ವಿಷಯ.

ಇದನ್ನು ತಿಳಿಯಲು 1894ರ ಭೂಸ್ವಾಧೀನ ಅಧಿನಿಯಮದ ಎರಡು ಕಲಮುಗಳನ್ನು ಕೂಡಿಸಿ ಓದಬೇಕು. 23ನೆಯ ಕಲಮಿನಂತೆ, ಪರಿಹಾರವನ್ನು ನಿರ್ಧರಿಸಲು 4ನೆಯ ಕಲಮಿನ ಅಧಿಸೂಚನೆ ಪ್ರಕಟವಾದ ದಿನದ ಪೇಟೆ ಬೆಲೆಯನ್ನು ಹಿಡಿಯತಕ್ಕದ್ದು. 24ನೆಯ ಕಲಮಿನಂತೆ, ಆ ದಿನದ ಅನಂತರ ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಮಾಡಿದ ವೆಚ್ಚವನ್ನಾಗಲಿ, ಸುಧಾರಣೆಯನ್ನಾಗಲಿ, ಪರಭಾರೆಯನ್ನಾಗಲಿ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಅಂದರೆ ಅಧಿಸೂಚನೆಯ ಅನಂತರ ಮನೆಗೆ ಹೊಸ ಮಾಳಿಗೆ ಹಾಕಿದವನ ಹಣವು ನೀರುಪಾಲು. ಕೊಂಡವನಿಗೆ ದೊರೆಯುವುದು ಮನೆಯಲ್ಲ, ಎಂದೋ ಬರಬಹುದಾದ ಒಂದು ಪರಿಹಾರದ ನಿರೀಕ್ಷೆ. 2014ರಲ್ಲಿ ಜಾರಿಗೆ ಬಂದ 2013ರ ಹೊಸ ಅಧಿನಿಯಮವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಥಮಿಕ ಅಧಿಸೂಚನೆಯಿಂದ ಪ್ರಕ್ರಿಯೆ ಮುಗಿಯುವವರೆಗೆ ಆ ಆಸ್ತಿಯ ವ್ಯವಹಾರವನ್ನೇ ನಿರ್ಬಂಧಿಸಿದೆ. ವಿಶೇಷ ಸಂದರ್ಭಗಳಲ್ಲಿ ಮಾಲಿಕನ ಅರ್ಜಿಯ ಮೇಲೆ ಜಿಲ್ಲಾಧಿಕಾರಿಯು ವಿನಾಯಿತಿ ಕೊಡಬಹುದು.

ಅಧಿಸೂಚನೆಯಾದ ಮನೆಗಾದರೂ ಒಂದು ಗತಿ ಗೊತ್ತಾಗುತ್ತದೆ. ಅಧಿಸೂಚನೆ ಆಗಬಹುದು, ಆಗದಿರಬಹುದು ಎಂಬ ಮನೆಯ ಸ್ಥಿತಿಯು ಅದಕ್ಕಿಂತ ಕಷ್ಟಕರವಾದುದು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿಗೆ ಮಿತಗೊಳಿಸಿ ಸರ್ವೋಚ್ಚ ನ್ಯಾಯಾಲಯವು 2000ದ ಏಪ್ರಿಲಿನಲ್ಲಿ ತೀರ್ಪಿತ್ತಿತು. ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರ ಡಿಸೆಂಬರಿನಲ್ಲಿ ಅನುಮತಿಸಿತು. ನ್ಯಾಯಮಂಡಳಿಯ ನಿರ್ಣಯವನ್ನು ಮುಂದಿನ ಆದೇಶದವರೆಗೆ ಗೆಜೆಟ್ಟಿನಲ್ಲಿ ಪ್ರಕಟಿಸಕೂಡದೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಈ ಎರಡು ಅಂಕಿಗಳ ಅಂತರ 4.656 ಮೀಟರು, ಹೆಚ್ಚುಕಡಿಮೆ ಒಂದೂವರೆ ಅಂತಸ್ತಿನ ಎತ್ತರ. ಈ ಅಂತರದಲ್ಲಿ ನಿಂತ ಮನೆಯು ಮುಳುಗಿಲ್ಲ. ಮುಳುಗುವುದಿಲ್ಲವೆಂದು ಹೇಳುವವರೂ ಇಲ್ಲ. ನದಿಯ ಹರಿವಿನಿಂದ ಪ್ರವಾಹಕಾಲದಲ್ಲಿ ಹಿನ್ನೀರು ಅಣೆಕಟ್ಟಿನ ಬಳಿಯ ಮಟ್ಟಕ್ಕಿಂತ ಮೇಲೇರುವುದರಿಂದ, ಮನೆಯ ಹೊಸ್ತಿಲಿನ ಎತ್ತರವನ್ನು ಆ ಅಂಕಿಗಳೊಡನೆ ಹೋಲಿಸಿ ತಾನೇ ನಿರ್ಣಯಕ್ಕೆ ಬರುವುದೂ ಮಾಲಿಕನಿಗೆ ಸಾಧ್ಯವಿಲ್ಲ.

ಇಂತಹ ಮನೆಯನ್ನು ನೋಡಲು ಜನರು ಏಕೆ ಬರುತ್ತಾರೆ? ಪೇಟೆಯು ಇನ್ನೂ ಹಳೆಯ ಊರಿನಲ್ಲಿದೆ; ಗುಡಿ ಮಸೀದಿಗಳು ಅಲ್ಲಿವೆ; ಹೋಳಿಯ ಬಣ್ಣದ ಬಂಡಿಗಳು ಇಂದಿಗೂ ಆಯಾ ಪೇಟೆಗಳ ಹೆಸರಿನಲ್ಲಿಯೇ ಹೊರಡುತ್ತವೆ. ಅಂಗಡಿಕಾರನಿಗೆ ಅಲ್ಲಿ ಮನೆ ಬೇಕೆನಿಸುವುದು ಸಹಜ. ಪರಿಹಾರದ ಆಸೆಯಿಂದ ಬರುವವರೂ ಉಂಟು. ಇಬ್ಬರೂ ಲೆಕ್ಕ ಹಾಕುತ್ತಾರೆ. ಮೊದಲನೆಯವನಿಗೆ ಮನೆಯು ಎಷ್ಟು ವರ್ಷ ಉಳಿಯುವುದೆಂದು ತಿಳಿಯದು, ಎರಡನೆಯವನಿಗೆ ಎಷ್ಟು ವರ್ಷಕ್ಕೆ ಹೋಗುವುದೆಂದು ತಿಳಿಯದು. ಬ್ಯಾಂಕು ಇಂತಹ ಆಧಾರದ ಮೇಲೆ ಸಾಲ ಕೊಡಲು ಹಿಂಜರಿಯುತ್ತದೆ. ಸಂಚಕಾರ ಕೊಡುವ ಮೊದಲೇ ಮಾತು ನಿಲ್ಲುತ್ತದೆ.

ಈ ಮೌನದ ಪರಿಣಾಮವು ಮಾರಲಾಗದ ಆ ಒಂದು ಮನೆಗೆ ಮಾತ್ರ ಸೀಮಿತವಲ್ಲ. ಸ್ವಾಧೀನದಲ್ಲಿ ಪೇಟೆ ಬೆಲೆಯನ್ನು ಕಟ್ಟುವಾಗ ಸುತ್ತಲಿನ ಸ್ಥಳಗಳ ಖರೀದಿಪತ್ರಗಳೇ ಮುಖ್ಯ ಆಧಾರ. 2013ರ ಅಧಿನಿಯಮದ 26ನೆಯ ಕಲಮು ಹಿಂದಿನ ಮೂರು ವರ್ಷಗಳ ಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಹಿಡಿದು ಸರಾಸರಿ ತೆಗೆಯಬೇಕೆನ್ನುತ್ತದೆ. ಮುದ್ರಾಂಕದ ಮಾರ್ಗಸೂಚಿ ಬೆಲೆಯು ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಹಿಡಿಯಬೇಕೆನ್ನುತ್ತದೆ. ಮಾರಾಟಗಳೇ ನಡೆಯದ ಓಣಿಯಲ್ಲಿ ಪತ್ರಗಳು ಎಲ್ಲಿಂದ ಬರಬೇಕು? ನಡೆದ ಅಲ್ಪಸ್ವಲ್ಪವೂ ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಗತ್ಯಂತರವಿಲ್ಲದೆ ಸಿಕ್ಕಷ್ಟಕ್ಕೆ ಕೊಟ್ಟವಾಗಿದ್ದರೆ, ಆ ಬೆಲೆಯೇ ಓಣಿಯ ಬೆಲೆಯಾಗಿ ದಾಖಲಾಗುತ್ತದೆ. ಯೋಜನೆಯ ನೆರಳಿನಿಂದ ಕೊಳ್ಳುವವರು ದೂರವಾದರು. ಕೊಳ್ಳುವವರು ದೂರವಾದುದರಿಂದ ಬೆಲೆ ಕುಗ್ಗಿತು. ಆ ಕುಗ್ಗಿದ ಬೆಲೆಯನ್ನು ಅದೇ ಯೋಜನೆಯ ಪರಿಹಾರಕ್ಕೆ ಅಳತೆಗೋಲಾಗಿ ಬಳಸಿದರೆ ನ್ಯಾಯವೆನ್ನಲಾಗುವುದೇ? ಪರಿಹಾರದ ಮೇಲೆ ಕೊಡುವ ಸಾಂತ್ವನ ಧನವು ಹಿಂದೆ ಶೇಕಡ 15 ಇದ್ದುದು 1984ರಲ್ಲಿ ಶೇಕಡ 30 ಆಯಿತು, 2013ರ ಅಧಿನಿಯಮದಲ್ಲಿ ಶೇಕಡ 100 ಆಯಿತು. ಈ ಏರಿಕೆಯು ದೊಡ್ಡದೇ ಸರಿ. ಆದರೆ ಶೇಕಡವಾರು ಎಷ್ಟೇ ಏರಿದರೂ ಅದನ್ನು ಲೆಕ್ಕ ಹಾಕುವುದು ಮೂಲ ಬೆಲೆಯ ಮೇಲೆ.

ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನಂತೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಮಹತ್ವದ ದೋಷವು ಆಸ್ತಿಯಲ್ಲಿಯಾಗಲಿ ಹಕ್ಕಿನಲ್ಲಿಯಾಗಲಿ ಇದ್ದರೆ ಮಾರುವವನು ಅದನ್ನು ತಿಳಿಸಬೇಕು. ಕಾಯಿದೆಗಾಗಿ ಮಾತ್ರವಲ್ಲ, ಮಾರಾಟದ ಹಿತಕ್ಕಾಗಿಯೂ ಇದು ಮೊದಲೇ ಆಗುವುದು ಲೇಸು. ಸ್ಮಾರಕದ ಎಲ್ಲೆಯಿಂದ ಮನೆಯ ದೂರ, ಮುಳುಗಡೆಯ ಗೆರೆಗೆ ಹೋಲಿಸಿ ಅದರ ಮಟ್ಟ, ಪಾಲುದಾರರ ಯಾದಿ, ಋಣಭಾರದ ಪ್ರಮಾಣಪತ್ರ ಇವನ್ನು ಮುಂದಿಟ್ಟು ತೋರಿಸಿದ ಮನೆಗೆ ಕೊಳ್ಳುವವನು ಬಾರದಿರಬಹುದು. ಬಂದವನು ಬೆಲೆಯ ಮಾತನ್ನಾದರೂ ಆಡಿಯಾನು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡತಕ್ಕ ಕೆಲಸವಿದೆ. ಉಪನೋಂದಣಾಧಿಕಾರಿಯ ಕಚೇರಿಯ ಪುಸ್ತಕಗಳಲ್ಲಿ ಒಂದು ಪೇಟೆಯ ಖರೀದಿಪತ್ರಗಳನ್ನು ವರ್ಷವಾರಾಗಿ ಎಣಿಸಿದರೆ, 1964ರಿಂದ ಈಚೆಗೆ ಮಾರಾಟವು ಎಂದು ತಗ್ಗಿತು, ಎಂದು ನಿಂತಿತು ಎಂಬುದು ಗೋಚರವಾಗುತ್ತದೆ. 1894ರ ಅಧಿನಿಯಮದ 18ನೆಯ ಕಲಮಿನ ಮೇರೆಗೆ ಹೆಚ್ಚಿನ ಪರಿಹಾರಕ್ಕಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋದ ಪ್ರಕರಣಗಳಲ್ಲಿ ಮನೆಯ ವಿವರವೂ ಮಾಲಿಕರ ಸಾಕ್ಷ್ಯವೂ ಸೇರಿರುತ್ತದೆ. ಇವುಗಳೊಡನೆ, ಹಳೆಯ ಊರಿನಿಂದ ನವನಗರಕ್ಕೆ ಬಂದ ಹಿರಿಯರನ್ನು ಕಂಡು, ಮನೆಯನ್ನು ಮಾರಲು ಯತ್ನಿಸಿದ್ದರೆ ಯಾವ ವರ್ಷ, ನೋಡಲು ಬಂದವರು ಯಾರು, ಅವರು ಏನೆಂದು ಹೇಳಿ ಹೋದರು ಎಂಬುದನ್ನು ಕೇಳಿ ಬರೆದಿಡಬೇಕು. ಪತ್ರಗಳಲ್ಲಿ ದೊರೆಯದ ಈ ಮೂರನೆಯ ಸಂಗತಿಯನ್ನು ಬಲ್ಲವರ ಸಂಖ್ಯೆಯು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ.